ದುಡಿಯುವ ಮನೆಗೆ ಐದು ರಾತ್ರಿಯ ಊಟ: ರೊಟ್ಟಿ, ಬೇಳೆ, ಕಾಳಿನ ಲೆಕ್ಕದಲ್ಲಿ ವಾರದ ಯೋಜನೆ

ಸಂಜೆ ಆರೂವರೆಗೋ ಏಳಕ್ಕೋ ಕೆಲಸ ಮುಗಿಸಿ ಮನೆಗೆ ಬಂದವರು ಎಂಟೂವರೆಯೊಳಗೆ ಐದು ಜನರಿಗೆ ಬಿಸಿ ಊಟ ಬಡಿಸುವುದು ಹೇಗೆ, ಅದೂ ತಿಂಗಳ ಕೊನೆಯಲ್ಲಿ ಕೈ ಬಿಗಿಯಾಗದಂತೆ ಹೇಗೆ ಎಂದು ಕಲಬುರಗಿಯ ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹೆಚ್ಚಿನವರು ಕೇಳುವುದು ಹೊಸ ಅಡುಗೆಗಳ ಪಟ್ಟಿಯನ್ನು. ಆದರೆ ನಮ್ಮ ಮನೆಗಳಲ್ಲಿ ಅಡುಗೆ ಬಲ್ಲವರಿಗೆ ಕೊರತೆಯಿಲ್ಲ. ದಣಿದು ಬಂದು ಚಪ್ಪಲಿ ಬಿಡುವ ಹೊತ್ತಿಗೆ ‘ಇವತ್ತು ಏನು ಮಾಡಲಿ’ ಎಂದು ಯೋಚಿಸಲು ತೊಡಗುವುದರಲ್ಲಿಯೇ ಅರ್ಧ ತಾಸು ಕಳೆದುಹೋಗುತ್ತದೆ, ಆಮೇಲೆ ಹೊರಗಿನಿಂದ ಏನಾದರೂ ತರಿಸುವುದೇ ಸುಲಭವೆನಿಸುತ್ತದೆ. ಆದ್ದರಿಂದ ಈ ಲೇಖನದಲ್ಲಿ ಅಡುಗೆಯ ವಿಧಾನಗಳಿಗಿಂತ ಹೆಚ್ಚಾಗಿ ಅಡುಗೆಯ ಸರದಿಯನ್ನು ವಿವರಿಸಿದ್ದೇನೆ.

ಇಡೀ ಯೋಜನೆ ಒಂದು ನಿಯಮದ ಮೇಲೆ ನಿಂತಿದೆ: ರಾತ್ರಿಯ ಊಟವನ್ನು ತರಕಾರಿಯಿಂದ ಯೋಚಿಸಲು ಆರಂಭಿಸಬೇಡಿ, ಬೇಳೆ ಅಥವಾ ಕಾಳಿನಿಂದ ಆರಂಭಿಸಿ. ತರಕಾರಿಯ ದರ ವಾರವಾರಕ್ಕೂ ಏರಿಳಿಯುತ್ತದೆ, ನಮ್ಮ ಬಿಸಿಲಿಗೆ ಎರಡೇ ದಿನದಲ್ಲಿ ಬಾಡುತ್ತದೆ. ಬೇಳೆಕಾಳು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಹೊಟ್ಟೆ ತುಂಬಿಸುತ್ತದೆ, ಮಕ್ಕಳಿಗೆ ಬೇಕಾದ ಪ್ರೋಟೀನನ್ನೂ ಕೊಡುತ್ತದೆ; ತೊಗರಿ ಬೇಳೆಯ ತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಪ್ರೋಟೀನ್ ಇದೆ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರ ಊಟ ರೊಟ್ಟಿ, ಬ್ಯಾಳಿ, ಕಾಳುಪಲ್ಯ, ಹಿಂಡಿ (ಒಣ ಚಟ್ನಿಪುಡಿ) ಎಂಬ ನಾಲ್ಕರ ಸುತ್ತ ಬೆಳೆದದ್ದು ಸಮಯವಿಲ್ಲದವರ ಅನುಕೂಲಕ್ಕಾಗಿಯೇ. ಇಂದು ಕಚೇರಿ, ಶಾಲೆ, ಅಂಗಡಿಗಳಲ್ಲಿ ದುಡಿಯುವವರಿಗೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಕೆಳಗಿನ ಅಳತೆಗಳೆಲ್ಲ ಇಬ್ಬರು ದುಡಿಯುವ ದೊಡ್ಡವರು, ಇಬ್ಬರು ಮಕ್ಕಳು, ಒಬ್ಬ ಹಿರಿಯರು ಇರುವ ಮನೆಗೆ ಹೊಂದುತ್ತವೆ. ನಿಮ್ಮ ಮನೆಯ ಸಂಖ್ಯೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಹಂತ 1: ಮೊದಲ ವಾರ ಬರೆದಿಡಿ, ಏನನ್ನೂ ಬದಲಿಸಬೇಡಿ

ಒಂದು ಹಾಳೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ರಾತ್ರಿ ಏನು ಮಾಡಿದಿರಿ, ಏನು ಉಳಿಯಿತು, ಯಾರು ಎಷ್ಟು ಹೊತ್ತಿಗೆ ಮನೆಗೆ ಬಂದರು ಎಂಬ ಮೂರನ್ನು ಮಾತ್ರ ಬರೆಯಿರಿ. ಯಾವ ದಿನ ಮನೆಯಲ್ಲಿ ಮಾಂಸ ಅಥವಾ ತತ್ತಿ ಮಾಡುವುದಿಲ್ಲ, ಯಾರು ಯಾವ ವಾರ ಒಪ್ಪೊತ್ತು ಇರುತ್ತಾರೆ, ಮಕ್ಕಳಿಗೆ ಟ್ಯೂಷನ್ ಯಾವ ದಿನ ಎಂಬುದನ್ನೂ ಬದಿಯಲ್ಲಿ ಗುರುತು ಮಾಡಿ. ವಾರದ ಕೊನೆಗೆ ನಿಮ್ಮ ಮನೆಯ ಅತ್ಯಂತ ಕಷ್ಟದ ಸಂಜೆ ಯಾವುದೆಂದು ತಾನಾಗಿಯೇ ಗೊತ್ತಾಗುತ್ತದೆ. ಆ ಸಂಜೆಗೆ ಎಲ್ಲಕ್ಕಿಂತ ಸುಲಭದ ಅಡುಗೆಯನ್ನು ಇಡಬೇಕು.

ಈ ಹಂತವನ್ನು ಬಿಟ್ಟು ನೇರವಾಗಿ ಪಟ್ಟಿ ಮಾಡಲು ಕುಳಿತವರ ಯೋಜನೆ ಸಾಮಾನ್ಯವಾಗಿ ಎರಡನೆಯ ವಾರವೇ ಮುರಿಯುತ್ತದೆ, ಏಕೆಂದರೆ ಅವರು ತಡವಾಗಿ ಬರುವ ದಿನವೇ ಎಣ್ಣೆಗಾಯಿ ಬರೆದಿಟ್ಟಿರುತ್ತಾರೆ.

ಹಂತ 2: ತಿಂಗಳ ದಿನಸಿಯನ್ನು ಒಮ್ಮೆಗೇ ತನ್ನಿ

ತಿಂಗಳಲ್ಲಿ ಸುಮಾರು 22 ಕೆಲಸದ ರಾತ್ರಿಗಳಿರುತ್ತವೆ. ಈ ರಾತ್ರಿಗಳಿಗೆ ಮಾತ್ರ ಲೆಕ್ಕ ಹಾಕಿದರೆ ತೊಗರಿ ಬೇಳೆ ಒಂದೂವರೆ ಕಿಲೋ, ಹೆಸರು ಬೇಳೆ 1 ಕಿಲೋ, ಮಡಕಿಕಾಳು 1 ಕಿಲೋ, ಕಡಲೆ ಹಿಟ್ಟು 1 ಕಿಲೋ, ಶೇಂಗಾ 1 ಕಿಲೋ, ಜೋಳ 12 ಕಿಲೋ, ಅಕ್ಕಿ 5 ಕಿಲೋ, ಎಣ್ಣೆ 1 ಲೀಟರ್ ಸಾಕು. ಮಧ್ಯಾಹ್ನದ ಡಬ್ಬಿ ಮತ್ತು ಬೆಳಗಿನ ನಾಷ್ಟಾದ ಲೆಕ್ಕ ಇದರಲ್ಲಿ ಸೇರಿಲ್ಲ. ಪಡಿತರದ ಅಕ್ಕಿ ಬರುವ ಮನೆಯವರು ಅಕ್ಕಿಯ ಸಾಲನ್ನು ಬಿಟ್ಟುಬಿಡಬಹುದು.

ದಿನಸಿಯನ್ನು ವಾರವಾರ ಓಣಿಯ ಅಂಗಡಿಯಲ್ಲಿ ಅರ್ಧ ಕಿಲೋ ಲೆಕ್ಕದಲ್ಲಿ ತರುವುದು ದುಬಾರಿಯ ದಾರಿ. ಕಲಬುರಗಿಯವರಿಗೆ ನೆಹರು ಗಂಜ್ ಇದೆ. ಗಂಜ್ ಎಂದರೆ ಧಾನ್ಯದ ಸಗಟು ವ್ಯಾಪಾರ ನಡೆಯುವ ಪೇಟೆ. ನೆರೆಯ ಎರಡು ಮನೆಯವರು ಕೂಡಿ ಹೋದರೆ ಐದು, ಹತ್ತು ಕಿಲೋ ಒಟ್ಟಿಗೆ ಕೊಂಡು ಹಂಚಿಕೊಳ್ಳಬಹುದು. ಹಂಗಾಮು ನೋಡಿ ಕೊಳ್ಳುವುದು ಇನ್ನೂ ಲಾಭದ ಮಾತು. ನಮ್ಮ ಭಾಗದ ತೊಗರಿ ಡಿಸೆಂಬರ್, ಜನವರಿಯಲ್ಲಿ ಕೊಯ್ಲಾಗುತ್ತದೆ, ಹಿಂಗಾರಿ ಜೋಳ ಫೆಬ್ರುವರಿ, ಮಾರ್ಚ್‌ನಲ್ಲಿ ರಾಶಿಯಾಗುತ್ತದೆ, ಬೀದರ್ ಕಡೆಯ ಹೆಸರು ಮತ್ತು ಉದ್ದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪೇಟೆಗೆ ಬರುತ್ತವೆ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಆ ತಿಂಗಳುಗಳಲ್ಲಿ ಐದಾರು ತಿಂಗಳಿಗಾಗುವಷ್ಟು ತಂದು, ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿದ ಡಬ್ಬಿಯಲ್ಲಿ ತುಂಬಿಡಿ. ಯಾದಗಿರಿಯ ಶಹಾಪುರ, ಸುರಪುರ ಕಡೆಯ ಕಾಲುವೆ ನೀರಿನ ಹೊಲಗಳಲ್ಲಿ ಭತ್ತ ಬೆಳೆಯುವುದರಿಂದ ಆ ಕಡೆಯ ನೆಂಟರಿದ್ದವರು ಅಕ್ಕಿಯನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತಾರೆ.

ತೊಗರಿ ಬೇಳೆಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ‘ಗುಲ್ಬರ್ಗಾ ತೂರ್ ದಾಲ್’ಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ, ಒಂದು ಪ್ರದೇಶದ ಮಣ್ಣು, ಹವೆಯಿಂದ ವಿಶೇಷ ಗುಣ ಪಡೆದ ಪದಾರ್ಥಕ್ಕೆ ಕಾನೂನು ಕೊಡುವ ಗುರುತು ಇದು. ಇಂಥ ಬೇಳೆ ಮನೆಯ ಬಾಗಿಲಲ್ಲೇ ಸಿಗುತ್ತಿರುವಾಗ ಮಿರಮಿರ ಹೊಳೆಯುವ ಪಾಲಿಶ್ ಬೇಳೆಯ ಪೊಟ್ಟಣಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಸ್ವಲ್ಪ ಮಂಕಾಗಿ ಕಾಣುವ, ಪಾಲಿಶ್ ಆಗದ ಬೇಳೆಯನ್ನು ಕೇಳಿ ಪಡೆಯಿರಿ. ನಾಲ್ಕು ಕಾಳನ್ನು ಒದ್ದೆ ಅಂಗೈಯಲ್ಲಿ ತಿಕ್ಕಿದಾಗ ಗಾಢ ಹಳದಿ ಬಣ್ಣ ಅಂಟಿದರೆ ಆ ಬೇಳೆಯನ್ನು ಕೊಳ್ಳಬೇಡಿ.

ಎಚ್ಚರಿಕೆ: ಕಡಲೆ ಹಿಟ್ಟನ್ನೂ ಶೇಂಗಾವನ್ನೂ ಅಗ್ಗವಾಯಿತೆಂದು ಮೂರು ತಿಂಗಳಿಗೆ ತುಂಬಿಡಬೇಡಿ. ಬೇಸಿಗೆಯಲ್ಲಿ ಎರಡೂ ಬೇಗ ಕಮಟು ಹಿಡಿಯುತ್ತವೆ, ಕಮಟು ಹಿಡಿದ ಶೇಂಗಾದಿಂದ ಮಾಡಿದ ಹಿಂಡಿಯನ್ನು ಯಾರೂ ಮುಟ್ಟುವುದಿಲ್ಲ.

ಹಂತ 3: ಐದು ರಾತ್ರಿಗಳ ಸರದಿಯನ್ನು ನಿಲ್ಲಿಸಿ

ಬಾಡುವುದನ್ನು ಮೊದಲು, ಬಾಡದ್ದನ್ನು ಕೊನೆಗೆ ಬಳಸುವುದು ಸರದಿಯ ತತ್ತ್ವ. ಭಾನುವಾರ ಪೇಟೆಗೆ ಹೋಗುವವರಾದರೆ ಸೋಮವಾರ ಸೊಪ್ಪು, ಮಂಗಳವಾರ ಕಾಯಿಪಲ್ಯ, ಬುಧವಾರ ಮೊಳಕೆ ಕಾಳು, ಗುರುವಾರ ಝುಣಕ, ಶುಕ್ರವಾರ ಖಿಚಡಿ ಎಂದು ಇಡಬಹುದು. ತಿನಿಸಿನ ಹೆಸರುಗಳು ವಾರವಾರ ಬದಲಾಗಲಿ, ಆದರೆ ಸೋಮವಾರಕ್ಕೆ ಸೊಪ್ಪು, ಬುಧವಾರಕ್ಕೆ ಕಾಳು ಎಂಬ ಚೌಕಟ್ಟು ಬದಲಾಗದಿರಲಿ. ಹೀಗೆ ಮಾಡಿದರೆ ‘ಏನು ಮಾಡಲಿ’ ಎಂಬ ಪ್ರಶ್ನೆ ‘ಯಾವ ಸೊಪ್ಪು’ ಎಂಬಷ್ಟಕ್ಕೆ ಕಿರಿದಾಗುತ್ತದೆ.

ಸೋಮವಾರಕ್ಕೆ ಮೆಂತ್ಯೆ, ಸಬ್ಬಸಿಗೆ, ರಾಜಗಿರಿ, ಪುಂಡಿ, ಇವುಗಳಲ್ಲಿ ಯಾವುದು ಅಗ್ಗವೋ ಅದನ್ನು 150 ಗ್ರಾಂ ತೊಗರಿ ಬೇಳೆಯೊಂದಿಗೆ ಮಾಡಿ. ಪುಂಡಿ ಪಲ್ಯ ಮಾಡುವವರು ಒಂದು ತಪ್ಪನ್ನು ತಪ್ಪಿಸಲೇಬೇಕು. ಸಮಯ ಉಳಿಸಲೆಂದು ನಾನೂ ಒಮ್ಮೆ ಪುಂಡಿ ಸೊಪ್ಪು ಮತ್ತು ತೊಗರಿ ಬೇಳೆಯನ್ನು ಒಂದೇ ಕುಕ್ಕರಿನಲ್ಲಿ ಹಾಕಿದ್ದೆ. ಎಂಟು ಸೀಟಿ ಆದರೂ ಬೇಳೆ ಕಾಳುಕಾಳಾಗಿಯೇ ಉಳಿದಿತ್ತು. ಪುಂಡಿ ಹುಳಿ ಸೊಪ್ಪು, ಹುಳಿ ತಗುಲಿದ ಬೇಳೆ ಮೆತ್ತಗಾಗುವುದಿಲ್ಲ. ಆದ್ದರಿಂದ 100 ಗ್ರಾಂ ಬೇಳೆಯನ್ನು ಒಂದು ಹಿಡಿ ಜೋಳದ ನುಚ್ಚಿನೊಂದಿಗೆ ಬೇರೆಯಾಗಿ ಬೇಯಿಸಿ, ಸೊಪ್ಪನ್ನು ಇನ್ನೊಂದು ಪಾತ್ರೆಯಲ್ಲಿ ಕುದಿಸಿ, ಹುಳಿ ಹೆಚ್ಚೆನಿಸಿದರೆ ಕುದಿಸಿದ ನೀರನ್ನು ಬಸಿದು, ಎರಡನ್ನೂ ಕೂಡಿಸಿ ಕಡೆದು, ಬಳ್ಳೊಳ್ಳಿ ಮತ್ತು ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಿ. ಹುಣಸೆಹಣ್ಣು, ಟೊಮೆಟೊ, ಮಾವಿನಕಾಯಿಗೂ ಇದೇ ಮಾತು ಅನ್ವಯಿಸುತ್ತದೆ: ಬೇಳೆ ಬೆಂದ ಮೇಲೆಯೇ ಹುಳಿ ಬೀಳಬೇಕು.

ಮಂಗಳವಾರ ಬದನೆಕಾಯಿ, ಹೀರೆಕಾಯಿ, ಬೆಂಡೆಕಾಯಿ, ಚವಳಿಕಾಯಿಗಳಲ್ಲಿ ಒಂದು. ಬದನೆಕಾಯಿಯನ್ನು ತುಂಬಿ ಎಣ್ಣೆಗಾಯಿ ಮಾಡುವುದು ರವಿವಾರದ ಕೆಲಸ. ವಾರದ ನಡುವೆ ಅದೇ ಬದನೆಕಾಯಿಯನ್ನು ಎಂಟು ಹೋಳು ಮಾಡಿ, ಎರಡು ಚಮಚ ಎಣ್ಣೆಯಲ್ಲಿ ಮುಚ್ಚಿ ಬೇಯಿಸಿ, ಕೊನೆಗೆ ಮೂರು ಚಮಚ ಶೇಂಗಾ ಪುಡಿ ಉದುರಿಸಿದರೆ ರುಚಿ ಬಹುಪಾಲು ಅದೇ ಇರುತ್ತದೆ, ಹೊತ್ತು ಅರ್ಧ ಉಳಿಯುತ್ತದೆ. ಇದರ ಜೊತೆಗೆ 75 ಗ್ರಾಂ ಬೇಳೆಯ ತೆಳು ಸಾರು ಸಾಕು.

ಬುಧವಾರದ ಮೊಳಕೆಗೆ ಸೋಮವಾರ ರಾತ್ರಿಯೇ ಕೈ ಹಾಕಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಮಲಗುವ ಮೊದಲು 200 ಗ್ರಾಂ ಮಡಕಿಕಾಳನ್ನು ನೀರಿನಲ್ಲಿ ನೆನೆಹಾಕಿ, ಮಂಗಳವಾರ ಬೆಳಿಗ್ಗೆ ಬಸಿದು ತೆಳು ಅರಿವೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಅಂದು ರಾತ್ರಿಯ ಹೊತ್ತಿಗೇ ಮೊಳಕೆ ಬಂದಿರುತ್ತದೆ, ಆಗ ಫ್ರಿಜ್ಜಿಗೆ ಸೇರಿಸಬೇಕು; ಡಿಸೆಂಬರ್ ಚಳಿಯಲ್ಲಿ ಬುಧವಾರ ಸಂಜೆಯವರೆಗೂ ಕಟ್ಟಿಡಬೇಕಾದೀತು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಕಟ್ಟಿದ ಅರಿವೆಯನ್ನು ನೆರಳಿನಲ್ಲಿಟ್ಟು, ಮನೆಯಲ್ಲಿರುವ ಹಿರಿಯರಿಗೆ ಮಧ್ಯಾಹ್ನ ಒಮ್ಮೆ ತಣ್ಣೀರು ಚಿಮುಕಿಸಲು ಹೇಳಿ. ಲೋಳೆಯಾದ, ಹುಳಿ ವಾಸನೆ ಬಂದ ಕಾಳನ್ನು ತೊಳೆದು ಬಳಸಲು ಹೋಗದೆ ಚೆಲ್ಲಿಬಿಡಿ.

ಗುರುವಾರಕ್ಕೆ ಪೇಟೆಯ ಹಂಗಿಲ್ಲದ ಝುಣಕ. ಝುಣಕವೆಂದರೆ ಕಡಲೆ ಹಿಟ್ಟನ್ನು ಒಗ್ಗರಣೆಯಲ್ಲಿ ಬೇಯಿಸಿದ ಗಟ್ಟಿ ಪಲ್ಯ. ನೀರು ಹೆಚ್ಚು ಮಾಡಿ ತೆಳ್ಳಗಿಟ್ಟರೆ ಅದೇ ಪಿಟ್ಲ. 200 ಗ್ರಾಂ ಹಿಟ್ಟಿಗೆ ದೊಡ್ಡ ಉಳ್ಳಾಗಡ್ಡಿ ಮೂರು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಸಾಸಿವೆ ಇದ್ದರೆ ಮುಗಿಯಿತು. ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಆದ್ದರಿಂದ ಮೊದಲು ತಣ್ಣೀರಿನಲ್ಲಿ ಕಲಸಿಕೊಂಡು ಆಮೇಲೆ ಒಗ್ಗರಣೆಗೆ ಸುರಿದು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಮುಚ್ಚಿಡಿ. ಹಸಿ ವಾಸನೆ ಹೋಗುವ ಮುನ್ನ ಇಳಿಸಿದ ಝುಣಕ ಮಕ್ಕಳ ಹೊಟ್ಟೆಗೆ ಆಗುವುದಿಲ್ಲ. ಮೇಲೆ ಕೊತ್ತಂಬರಿ, ಪಕ್ಕದಲ್ಲಿ ಮಜ್ಜಿಗೆ.

ಶುಕ್ರವಾರದ ಖಿಚಡಿಗೆ 300 ಗ್ರಾಂ ಅಕ್ಕಿ, 150 ಗ್ರಾಂ ಹೆಸರು ಬೇಳೆ, ಮತ್ತು ಬುಟ್ಟಿಯ ತಳದಲ್ಲಿ ಉಳಿದ ಗಜ್ಜರಿ, ಬೀನ್ಸ್, ಆಲೂಗಡ್ಡೆ. ಹೆಸರು ಬೇಳೆಗೆ ನೆನೆಹಾಕುವ ಅಗತ್ಯವೂ ಇಲ್ಲ.

ತತ್ತಿ ತಿನ್ನುವ ಮನೆಗಳಲ್ಲಿ ಮಂಗಳವಾರ ಅಥವಾ ಗುರುವಾರವನ್ನು ತತ್ತಿಗೆ ಬಿಡಬಹುದು. ಶ್ರಾವಣದಲ್ಲಿ ಮತ್ತೆ ಕಾಳಿಗೆ ಮರಳಿದರಾಯಿತು.

ಹಂತ 4: ಭಾನುವಾರದ ಎರಡು ತಾಸು

ಈ ಎರಡು ತಾಸು ಐದು ಸಂಜೆಗಳ ದಣಿವನ್ನು ತಗ್ಗಿಸುತ್ತದೆ. ಹಾಗೆಂದು ರವಿವಾರವಿಡೀ ಅಡುಗೆಮನೆಯಲ್ಲಿ ನಿಲ್ಲಬೇಡಿ. ಐದು ದಿನದ ಪಲ್ಯವನ್ನು ಒಂದೇ ದಿನ ಮಾಡಿ ಫ್ರಿಜ್ಜಿನಲ್ಲಿ ತುಂಬುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕರೆಂಟ್ ಹೋಗುವ ಊರಿನಲ್ಲಿ ಅದು ಸುರಕ್ಷಿತವಲ್ಲ, ಗುರುವಾರದ ಹೊತ್ತಿಗೆ ರುಚಿಯೂ ಉಳಿಯುವುದಿಲ್ಲ. ಬೇಯಿಸದೆ ಮಾಡಿಡಬಹುದಾದ ಸಿದ್ಧತೆಗಳಷ್ಟೇ ಸಾಕು.

ಮೊದಲನೆಯದು ಹಿಂಡಿ. ಹುರಿದ ಕಾಳನ್ನು ಖಾರದೊಂದಿಗೆ ಕುಟ್ಟಿದ ಒಣ ಚಟ್ನಿಪುಡಿಗೆ ನಮ್ಮಲ್ಲಿ ಹಿಂಡಿ ಎನ್ನುತ್ತಾರೆ. 250 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಪೂರ್ತಿ ಆರಿದ ಮೇಲೆ ಹತ್ತು ಎಸಳು ಬಳ್ಳೊಳ್ಳಿ, ಎರಡು ಚಮಚ ಕೆಂಪು ಖಾರ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ. ಬಿಸಿಯಿರುವಾಗಲೇ ಮಿಕ್ಸರಿಗೆ ಹಾಕಿದರೆ, ಅಥವಾ ನಿಲ್ಲಿಸದೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದು ಎರಡು ವಾರಕ್ಕೆ ಸಾಕು. ಮುಂದಿನ ಸಲ ಅಗಸಿ, ಅದರ ಮುಂದಿನ ಸಲ ಗುರೆಳ್ಳು ಎಂದು ಬದಲಿಸಿ. ಅಗಸಿಯನ್ನು ಹುರಿಯುವಾಗ ಸಿಡಿಯುವುದರಿಂದ ಮುಚ್ಚಳ ಕೈಯಲ್ಲಿರಲಿ. ಹಿಂಡಿಯ ಡಬ್ಬಿಗೆ ಒದ್ದೆ ಚಮಚ ಹೋಗಬಾರದೆಂದು ಮಕ್ಕಳಿಗೂ ಹೇಳಿಡಿ.

ಎರಡನೆಯದು ಸೊಪ್ಪು ಸೋಸುವುದು. ಬೇರು, ಕೊಳೆತ ಎಲೆ ತೆಗೆದು, ತೊಳೆಯದೆ ಒಣ ಅರಿವೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದವರು ಒದ್ದೆ ಅರಿವೆಯಲ್ಲಿ ಸುತ್ತಿ ಮಣ್ಣಿನ ಕೊಡದ ಪಕ್ಕ ನೆರಳಿನಲ್ಲಿಟ್ಟು ಸೋಮವಾರವೇ ಬಳಸಬೇಕು. ತೊಳೆದು ಇಟ್ಟ ಸೊಪ್ಪು ಬೆಳಗಾಗುವುದರೊಳಗೆ ಕಪ್ಪಾಗುತ್ತದೆ. ಕಲಬುರಗಿಯ ತರಕಾರಿ ಪೇಟೆಯಾದ ಕಣ್ಣಿ ಮಾರ್ಕೆಟಿನಂಥ ಕಡೆ ಸಂಜೆಯ ಕೊನೆಗೆ ಸೊಪ್ಪಿನ ಸಿವುಡು ಅಗ್ಗವಾಗಿ ಸಿಕ್ಕರೂ ಅದು ಬಿಸಿಲುಂಡ ಸೊಪ್ಪಾದ್ದರಿಂದ ಅಂದೇ ಅಡುಗೆ ಮಾಡುವುದಾದರೆ ಮಾತ್ರ ಕೊಳ್ಳಿ.

ಮೂರನೆಯದಾಗಿ ಒಂದು ಬಟ್ಟಲು ಬಳ್ಳೊಳ್ಳಿ ಸುಲಿದಿಡಿ, ಹುಣಸೆಹಣ್ಣಿನ ಗಟ್ಟಿ ರಸವನ್ನು ಕುದಿಸಿ ಆರಿಸಿ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಡಿ, ಗಿರಣಿಗೆ 3 ಕಿಲೋ ಜೋಳ ಕಳಿಸಿ.

ಹಂತ 5: ರೊಟ್ಟಿಯ ತೀರ್ಮಾನ

ನಮ್ಮ ಕಡೆಯ ಮನೆಗಳಲ್ಲಿ ಸಂಜೆಯ ಹೊತ್ತನ್ನು ಹೆಚ್ಚು ನುಂಗುವುದು ರೊಟ್ಟಿ. ಐದು ಜನರಿಗೆ ಹತ್ತು ರೊಟ್ಟಿ ಎಂದರೆ ಸುಮಾರು 650 ಗ್ರಾಂ ಹಿಟ್ಟು, ಕೈ ಪಳಗಿದವರಿಗೂ ಇಪ್ಪತ್ತೈದು ನಿಮಿಷ ಒಲೆಯ ಮುಂದೆ ನಿಲ್ಲುವ ಕೆಲಸ. ಇದಕ್ಕೆ ಮೂರು ದಾರಿಗಳಿವೆ, ವಾರದಲ್ಲಿ ಮೂರನ್ನೂ ಬೆರೆಸಿ ಬಳಸುವುದು ಒಳ್ಳೆಯದು.

ಬಿಸಿ ರೊಟ್ಟಿ ಮಾಡುವ ದಿನ ಹಿಟ್ಟು ಹೊಸದಾಗಿರಲಿ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲದ್ದರಿಂದ ಎಸರು, ಎಂದರೆ ಕುದಿಯುವ ನೀರು, ಹಾಕಿ ಕಲಸಿದಾಗ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ಬೀಸಿ ಮೂರು ನಾಲ್ಕು ವಾರ ಕಳೆದ ಹಿಟ್ಟು ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ಹೊಸದಾಗಿ ಕಲಿಯುವವರು ಇದನ್ನು ತಮ್ಮ ಕೈಯ ತಪ್ಪೆಂದು ತಿಳಿದು ಬೇಸರಪಡುತ್ತಾರೆ. ವಾರಕ್ಕೆ 3 ಕಿಲೋ ಮಾತ್ರ ಬೀಸಿಸಲು ಹೇಳಿದ್ದು ಇದೇ ಕಾರಣಕ್ಕೆ.

ಖಡಕ್ ರೊಟ್ಟಿ ಎರಡನೆಯ ದಾರಿ. ತೆಳ್ಳಗೆ ಬಡಿದು, ಬೇಯಿಸಿ, ನೀರಿನಂಶ ಹೋಗುವವರೆಗೆ ಒಣಗಿಸಿದ ಈ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಒಮ್ಮೆ ಕಾಯಿಸಿ. ಹಲ್ಲಿಲ್ಲದ ಹಿರಿಯರಿಗೆ ಬೇಳೆಯ ಕಟ್ಟಿನಲ್ಲಿ, ಅಂದರೆ ಬೆಂದ ಬೇಳೆಯ ಮೇಲೆ ನಿಲ್ಲುವ ತಿಳಿನೀರಿನಲ್ಲಿ, ಮುರಿದು ನೆನೆಸಿ ಕೊಡಿ.

ಮೂರನೆಯದು ಕೊಂಡು ತರುವುದು. ನಮ್ಮೂರಿನ ಓಣಿ ಓಣಿಗಳಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾರೆ, ಸ್ವಸಹಾಯ ಸಂಘಗಳೂ ಮಾಡುತ್ತವೆ. ಇದನ್ನು ಸೋಮಾರಿತನವೆಂದು ಯಾರಾದರೂ ಅಂದರೆ ಕಿವಿಗೊಡಬೇಡಿ. ಎಂಟು ತಾಸು ದುಡಿದು ಬಂದವರು ರೊಟ್ಟಿ ಕೊಂಡು, ಬೇಳೆ ಪಲ್ಯವನ್ನು ಮನೆಯಲ್ಲಿ ಮಾಡಿದರೆ ಅದು ಮನೆಯ ಊಟವೇ. ಹತ್ತು ರೊಟ್ಟಿಯ ದರವನ್ನು 650 ಗ್ರಾಂ ಜೋಳ, ಬೀಸುವ ಕೂಲಿ, ಗ್ಯಾಸ್ ಇವುಗಳೊಂದಿಗೆ ತೂಗಿ ನೋಡಿ, ಅತ್ಯಂತ ಕಷ್ಟದ ಒಂದೆರಡು ಸಂಜೆಗೆ ಮಾತ್ರ ಈ ದಾರಿ ಹಿಡಿಯಿರಿ.

ಹಂತ 6: ಸಂಜೆಯ ಕೆಲಸದ ಕ್ರಮ

ಎರಡು ಒಲೆಯ ಗ್ಯಾಸಿನಲ್ಲಿ ಕೆಲಸದ ಕ್ರಮ ತಪ್ಪಿದರೆ ಇಪ್ಪತ್ತು ನಿಮಿಷ ವ್ಯರ್ಥ. ಮನೆಗೆ ಮೊದಲು ಬಂದವರು, ಅದು ಗಂಡನಾಗಲಿ ಹೆಂಡತಿಯಾಗಲಿ ಕಾಲೇಜಿಗೆ ಹೋಗುವ ಮಗನಾಗಲಿ, ಬಟ್ಟೆ ಬದಲಿಸುವ ಮುಂಚೆಯೇ ಬೇಳೆ ತೊಳೆದು ಅದರ ಮೇಲೆ ಕುದಿಯುವ ನೀರು ಸುರಿದು ಮುಚ್ಚಿಡಬೇಕು. ಇಪ್ಪತ್ತು ನಿಮಿಷದಲ್ಲಿ ಅದು ನೆನೆದಿರುತ್ತದೆ. ಬೆಳಿಗ್ಗೆ ಹೊರಡುವಾಗಲೇ ನೆನೆಹಾಕಿ ಹೋಗುವವರಿದ್ದಾರೆ. ಬೇಸಿಗೆಯಲ್ಲಿ ಹತ್ತು ತಾಸು ಹೊರಗೆ ನೆನೆದ ಬೇಳೆ ನೊರೆಗಟ್ಟಿ ಹುಳಿಯಾಗುತ್ತದೆ, ಹಾಗೆ ಮಾಡಬೇಡಿ.

ಆ ಇಪ್ಪತ್ತು ನಿಮಿಷದಲ್ಲಿ ಕೈಕಾಲು ತೊಳೆದು, ಸೊಪ್ಪು ಅಥವಾ ತರಕಾರಿ ಹೆಚ್ಚಿಕೊಳ್ಳಿ. ನಂತರ ಕುಕ್ಕರಿನ ಕೆಳಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ 200 ಗ್ರಾಂ ಅಕ್ಕಿ ಇಟ್ಟು ನಾಲ್ಕು ಸೀಟಿ ಕೂಗಿಸಿ. ಪಕ್ಕದ ಒಲೆಯಲ್ಲಿ ಪಲ್ಯವಾಗಲಿ. ಕುಕ್ಕರ್ ಇಳಿಸಿದ ಒಲೆಯ ಮೇಲೆ ಹಂಚು ಏರಿಸಿ. ಕುಕ್ಕರಿನ ಆವಿ ತಾನಾಗಿ ಇಳಿಯುವ ಹೊತ್ತಿಗೆ ನಾಲ್ಕು ರೊಟ್ಟಿ ಆಗಿರುತ್ತವೆ. ಪಲ್ಯ ಇಳಿದ ಒಲೆಯಲ್ಲಿ ಬೇಳೆಗೆ ಒಗ್ಗರಣೆ. ಹೀಗೆ ಬಿಸಿ ರೊಟ್ಟಿಯ ದಿನ ಒಂದು ತಾಸು ಹತ್ತು ನಿಮಿಷ, ಖಡಕ್ ಅಥವಾ ಕೊಂಡ ರೊಟ್ಟಿಯ ದಿನ ನಲವತ್ತು ನಿಮಿಷ ಹಿಡಿಯುತ್ತದೆ.

ಬೇಳೆ ಬೇಯುತ್ತಿಲ್ಲ ಎಂಬ ದೂರಿಗೆ ಎರಡು ಕಾರಣಗಳಿರುತ್ತವೆ. ಒಂದು, ಬೇಳೆ ಹಳೆಯದಾಗಿರುವುದು. ಇನ್ನೊಂದು, ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆ ಮತ್ತು ತಿರುಳನ್ನು ಬಿರುಸಾಗಿಸುತ್ತದೆ. ಕುಡಿಯಲು ಬಳಸುವ ಫಿಲ್ಟರ್ ನೀರಿನಲ್ಲೇ ಬೇಳೆ ಬೇಯಿಸಿ ನೋಡಿ, ಎರಡು ಸೀಟಿಯಷ್ಟು ಗ್ಯಾಸ್ ಉಳಿಯಬಹುದು. ಸೋಡಾ ಹಾಕಿ ಬೇಯಿಸುವ ರೂಢಿ ಬೇಡ, ಅದು ಬೇಳೆಯಲ್ಲಿರುವ ಕೆಲವು ಜೀವಸತ್ತ್ವಗಳನ್ನು ಕೆಡಿಸುತ್ತದೆ.

ಹಂತ 7: ಉಳಿದದ್ದನ್ನು ಜೋಪಾನ ಮಾಡುವುದು

ಬೇಯಿಸಿದ ಅನ್ನವನ್ನು ಕುಕ್ಕರಿನಲ್ಲೇ ರಾತ್ರಿಯಿಡೀ ಬಿಡುವುದು ನಮ್ಮ ಮನೆಗಳಲ್ಲಿ ಬಹಳ ಸಾಮಾನ್ಯವಾದ, ಬಹಳ ಅಪಾಯದ ಅಭ್ಯಾಸ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟವಾದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ತಾಸಿನೊಳಗೆ, ಬೇಸಿಗೆಯಲ್ಲಿ ಒಂದೇ ತಾಸಿನೊಳಗೆ, ಫ್ರಿಜ್ಜಿಗೆ ಸೇರಿಸಿ ಬೆಳಿಗ್ಗೆ ಒಗ್ಗರಣೆ ಹಾಕಿ ಮುಗಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಅನ್ನ ಉಳಿಯದಂತೆ ಅಳತೆಯನ್ನೇ ಕಡಿಮೆ ಮಾಡಬೇಕು, ಹಸಿವಿದ್ದವರಿಗೆ ರೊಟ್ಟಿ ಇದ್ದೇ ಇದೆ.

ಬೇಳೆ ಉಳಿದರೆ ಮರುದಿನ ಗೋಧಿ ಹಿಟ್ಟಿನಲ್ಲಿ ಕಲಸಿ ಚಪಾತಿ ಮಾಡಿ ಮಕ್ಕಳ ಡಬ್ಬಿಗೆ ಹಾಕಬಹುದು. ಉಳಿದ ಮೆತ್ತನೆಯ ರೊಟ್ಟಿಯನ್ನು ಪುಡಿ ಮಾಡಿ ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಹುರಿದರೆ ಬೆಳಗಿನ ನಾಷ್ಟಾ ಆಗುತ್ತದೆ.

ಹಂತ 8: ಒಂದು ರಾತ್ರಿಯ ಖರ್ಚನ್ನು ಲೆಕ್ಕ ಹಾಕುವುದು

ತಿಂಗಳ ಒಟ್ಟು ಬಿಲ್ಲನ್ನು ನೋಡಿದರೆ ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದಿಲ್ಲ. ಒಂದು ರಾತ್ರಿಯ ಊಟವನ್ನು ತೂಕದಲ್ಲಿ ಬರೆದು ದರದಿಂದ ಗುಣಿಸಿ. ಉದಾಹರಣೆಗೆ ತೊಗರಿ ಬೇಳೆ ಕಿಲೋಗೆ 140 ರೂಪಾಯಿ ಎಂದು ಇಟ್ಟುಕೊಂಡರೆ 150 ಗ್ರಾಂಗೆ 21 ರೂಪಾಯಿ. ಜೋಳ ಕಿಲೋಗೆ 50 ಎಂದರೆ 650 ಗ್ರಾಂಗೆ 32 ರೂಪಾಯಿ 50 ಪೈಸೆ. ಎಣ್ಣೆ ಲೀಟರಿಗೆ 160 ಎಂದರೆ ಎರಡು ದೊಡ್ಡ ಚಮಚಕ್ಕೆ ಸುಮಾರು 5 ರೂಪಾಯಿ. ಸೊಪ್ಪಿಗೆ 30, ಅಕ್ಕಿ, ಉಳ್ಳಾಗಡ್ಡಿ, ಖಾರ, ಬಳ್ಳೊಳ್ಳಿಗೆ 20 ಸೇರಿಸಿ. ಒಟ್ಟು 110 ರೂಪಾಯಿಯೊಳಗೆ ಐದು ಜನರ ಊಟ. ಈ ದರಗಳು ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡವು, ನಿಮ್ಮ ಅಂಗಡಿಯ ಅಂದಿನ ದರವನ್ನು ಅಲ್ಲಿ ಕೂರಿಸಿಕೊಳ್ಳಿ.

ಈ ಲೆಕ್ಕವನ್ನು ಐದೂ ರಾತ್ರಿಗೆ ಹಾಕಿದಾಗ ಹೆಚ್ಚಿನ ಮನೆಗಳಲ್ಲಿ ಕಾಣುವ ಸಂಗತಿಯೇನೆಂದರೆ ಬೇಳೆಯ ಖರ್ಚು ದೊಡ್ಡದಲ್ಲ, ಎಣ್ಣೆ ಮತ್ತು ಹಂಗಾಮಿಲ್ಲದ ತರಕಾರಿಯ ಖರ್ಚು ದೊಡ್ಡದು. ಟೊಮೆಟೊ ದುಬಾರಿಯಾದ ವಾರ ಹುಣಸೆಹಣ್ಣಿಗೆ ತಿರುಗಿ. ಬೇಳೆಯ ದರ ಏರಿದಾಗ ಮಾತ್ರ ಬೇಳೆಯನ್ನು ಕಡಿತ ಮಾಡಿ ಸಾರನ್ನು ನೀರಾಗಿಸುವ ಬದಲು ಒಂದು ತೊಗರಿ ರಾತ್ರಿಯನ್ನು ಮಡಕಿ ಅಥವಾ ಅಲಸಂದಿಗೆ ಬಿಟ್ಟುಕೊಡಿ. ಬೆಳೆಯುವ ಮಕ್ಕಳ ತಟ್ಟೆಯಲ್ಲಿ ಕಾಳು ಕಡಿಮೆಯಾಗಬಾರದು.

ಹಂತ 9: ಯೋಜನೆ ತಪ್ಪಿದ ರಾತ್ರಿಗೆ

ಬಸ್ಸು ತಪ್ಪುತ್ತದೆ, ಗ್ಯಾಸ್ ಮುಗಿಯುತ್ತದೆ, ಮಗುವಿಗೆ ಜ್ವರ ಬರುತ್ತದೆ. ಇಂಥ ಒಂದು ರಾತ್ರಿಗಾಗಿ ಬೇರೆ ಡಬ್ಬಿಯೊಂದನ್ನು ಕಟ್ಟಿಡಿ: ಹನ್ನೆರಡು ಖಡಕ್ ರೊಟ್ಟಿ, ಒಂದು ಸಣ್ಣ ಸೀಸೆ ಶೇಂಗಾ ಹಿಂಡಿ, ಅರ್ಧ ಕಿಲೋ ಚುರಮುರಿ, ಒಂದು ಹಿಡಿ ಪುಟಾಣಿ. ಅಂಗಡಿಯಿಂದ ಅರ್ಧ ಲೀಟರ್ ಮೊಸರು ತಂದು, ಉಳ್ಳಾಗಡ್ಡಿ, ಸವತಿಕಾಯಿ ಹೆಚ್ಚಿಕೊಂಡರೆ ಒಲೆ ಹಚ್ಚದೆಯೇ ಊಟ. ಒಲೆ ಇದ್ದರೆ ಚುರಮುರಿಯನ್ನು ನೆನೆಸಿ, ನೀರು ಹಿಂಡಿ ತೆಗೆದು, ಹತ್ತು ನಿಮಿಷದಲ್ಲಿ ಸುಸಲಾ, ಅಂದರೆ ಒಗ್ಗರಣೆ ಹಾಕಿದ ಚುರಮುರಿ, ಮಾಡಬಹುದು. ಈ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ, ಬಳಸಿದರೆ ಮುಂದಿನ ಭಾನುವಾರದ ಎರಡು ತಾಸಿನಲ್ಲಿ ಮತ್ತೆ ತುಂಬಿಸಿ, ಬಳಸದೆ ಉಳಿದರೂ ಹಿಂಡಿಯನ್ನು ಎರಡು ವಾರಕ್ಕೊಮ್ಮೆ ಹೊಸದಕ್ಕೆ ಬದಲಿಸಿ.